ಸಿಡಿಸಿದ್ದು ಗಾಳಿಯಲ್ಲ, ನೀರು

ಪ್ರಶ್ನೆ: ಚಕ್ರ ಬಳಸದೆ ಕೈಯಲ್ಲೇ ಮಣ್ಣಿನ ಮೂರ್ತಿ ಮಾಡಲು ಕಲಿಯುತ್ತಿದ್ದೇನೆ. ಒಂದಡಿ ಎತ್ತರದ, ಕುಳಿತಿರುವ ಮುದುಕಿಯ ಮೂರ್ತಿ ಎರಡು ವಾರ ಒಣಗಿಸಿದರೂ ಭಟ್ಟಿಯಲ್ಲಿ ಸಿಡಿದು ಚೂರಾಯಿತು. ಒಳಗೆ ಗಾಳಿಗುಳ್ಳೆ ಉಳಿದಿರಬೇಕು ಅಂತ ಎಲ್ಲರೂ ಹೇಳುತ್ತಾರೆ. ಮತ್ತೊಂದು ಮಾಡಿದೆ, ಅದು ಒಣಗುವಾಗಲೇ ಭುಜದ ಹತ್ತಿರ ಬಿರುಕು ಬಿಟ್ಟಿದೆ. ಎಲ್ಲಿ ತಪ್ಪಿದೆ?

ಉತ್ತರ: ಅಷ್ಟು ದಿನದ ಕೆಲಸ ಒಂದೇ ರಾತ್ರಿಯಲ್ಲಿ ಹೋದರೆ ಎಷ್ಟು ಸಂಕಟ ಆಗುತ್ತದೆ ಅಂತ ನನಗೂ ಗೊತ್ತು. ಆದರೆ ಗಾಳಿಯನ್ನು ಬೈಯಬೇಡಿ. ಮೂರ್ತಿಯ ಹೊಟ್ಟೆ, ತೊಡೆ ಎಲ್ಲ ಒಳಗೂ ಮಣ್ಣು ತುಂಬಿಕೊಂಡಿತ್ತು ಅಲ್ವಾ? ಹಾಗಿದ್ದಾಗ ಹೊರಗೆ ಒಣಗಿದಂತೆ ಕಂಡರೂ ನಡುವೆ ಪಸೆ ಇರುತ್ತದೆ, ಶಾಖ 100 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದು ಆವಿಯಾಗಿ, ಬೇಗ ಹೊರಬರಲು ದಾರಿ ಸಿಗದೆ, ಮಣ್ಣನ್ನೇ ಒಡೆದುಕೊಂಡು ಬರುತ್ತದೆ.

ಆದ್ದರಿಂದ ಟೊಳ್ಳಾಗಿ ಕಟ್ಟಿ. ಮಣ್ಣನ್ನು ಹಗ್ಗದಂತೆ ಹೊಸೆದು ಸುತ್ತು ಸುತ್ತಾಗಿ ಏರಿಸಿ, ಕೆಳಗಿನ ಸುತ್ತು ಸ್ವಲ್ಪ ಬಿಗಿಯಾಗುವವರೆಗೆ ಕಾದು ಮುಂದಕ್ಕೆ ಹೋಗಿ. ಚೀನಾದ ಶಿಯಾನ್ ಬಳಿ 1974ರಲ್ಲಿ ಸಿಕ್ಕ ಮಣ್ಣಿನ ಸೈನಿಕರ ಮೈಯೂ ಹೀಗೇ ಟೊಳ್ಳು, ತಲೆಯನ್ನು ಬೇರೆಯಾಗಿ ಮಾಡಿ ಕೂರಿಸಿದ್ದಾರೆ. ನಿಮ್ಮ ಅಳತೆಯ ಮೂರ್ತಿಗೆ ಗೋಡೆ ಒಂದು ಸೆಂಟಿಮೀಟರ್ ದಪ್ಪ ಇದ್ದರೆ ಸಾಕು, ಎಲ್ಲ ಕಡೆ ಒಂದೇ ದಪ್ಪ ಇರಲಿ. ಕಾಣದ ಜಾಗದಲ್ಲಿ ಒಂದು ತೂತು ಬಿಡಿ. ಸುಟ್ಟ ಮಣ್ಣಿನ ಪುಡಿ, ಅಂದರೆ ಗ್ರಾಗ್, ಬೆರೆಸಿದ ಮಣ್ಣು ತೆಗೆದುಕೊಂಡರೆ ಕುಗ್ಗುವುದು ಕಡಿಮೆ, ಒಳಗಿನ ಪಸೆಯೂ ಸುಲಭವಾಗಿ ಹೊರಬರುತ್ತದೆ.

ಇನ್ನು ಭುಜ. ತೋಳು ತೆಳ್ಳಗಿರುವುದರಿಂದ ಬೇಗ ಒಣಗಿ ಕುಗ್ಗುತ್ತದೆ, ಮೈ ಇನ್ನೂ ಹಸಿಯಾಗಿರುತ್ತದೆ, ಆ ಎಳೆದಾಟಕ್ಕೆ ಬಿಟ್ಟುಕೊಡುವುದು ಬೆಸುಗೆಯೇ. ಎರಡರ ಹಸಿಯೂ ಒಂದೇ ಹದದಲ್ಲಿದ್ದಾಗ ಮಾತ್ರ ಜೋಡಿಸಿ. ಎರಡೂ ಕಡೆ ಗೀರಿ, ಅದೇ ಮಣ್ಣನ್ನು ಗಂಜಿಯಂತೆ ಕಲಸಿ ಬಳಿದು, ಗಟ್ಟಿಯಾಗಿ ಒತ್ತಿ. ಆಮೇಲೆ ತೋಳು, ಬೆರಳು, ಮೂಗಿಗೆ ಪ್ಲಾಸ್ಟಿಕ್ ಸುತ್ತಿಡಿ, ಮೈ ಒಣಗಲು ಬಿಡಿ. ನನ್ನ ಪ್ರಕಾರ ಕಲಾವಿದರು ಜಾಸ್ತಿ ಅವಸರ ಮಾಡುವುದು ಇಲ್ಲೇ.

ದಿನ ಎಣಿಸುವ ಬದಲು ಮೂರ್ತಿಯನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ಅನಿಸಿದರೆ ಇನ್ನೂ ನೀರಿದೆ. ಭಟ್ಟಿಯಲ್ಲೂ ಮೊದಲು 80–90 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು, 600 ದಾಟುವವರೆಗೆ ನಿಧಾನವಾಗಿಯೇ ಏರಿಸಿ.

ಬಿರುಕು ಬಿಟ್ಟದ್ದಕ್ಕೆ ಸುಮ್ನೆ ತೇಪೆ ಹಾಕಬೇಡಿ, ಮತ್ತೆ ಬಿಡುತ್ತದೆ. ಅದನ್ನು ಇನ್ನೂ ಸುಟ್ಟಿಲ್ಲ, ಹಾಗಾಗಿ ಪೂರ್ತಿ ಒಣಗಿದ ಮೇಲೆ ನೀರಿಗೆ ಹಾಕಿದರೆ ಮತ್ತೆ ಮಣ್ಣಾಗುತ್ತದೆ. ಮುಖ ಚೆನ್ನಾಗಿ ಬಂದಿದ್ದರೆ ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ.