ಸಂಪಾದಕರ ಉತ್ತರ: ತುಂಗಾ ಕೊರಳಿನ ಹಾರ

ನಿಟುವಳ್ಳಿಯ ಮೇಷ್ಟ್ರಿಗೆ ನಮಸ್ಕಾರ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ.

ಪತ್ರ ಓದದವರಿಗಾಗಿ ಎರಡು ಮಾತು. ಪೊಲೀಸರಿಗೂ ಕೆಲವು ನಾಗರಿಕರಿಗೂ ದಾವಣಗೆರೆಯಲ್ಲಿ ನಡೆದ ಸನ್ಮಾನದ ಫೋಟೋಗಳನ್ನು ಕಳೆದ ಸಂಚಿಕೆಯಲ್ಲಿ 2 ಪುಟ ಹಾಕಿದ್ದೆವು. ಅದನ್ನು ನೋಡಿ ಮೇಷ್ಟ್ರು ಕೇಳಿದ್ದಾರೆ: 'ಸಂಬಳ ತಗೊಂಡು ಮಾಡುವ ಕೆಲಸಕ್ಕೆ ಶಾಲು ಯಾಕೆ? ನಾನು 32 ವರ್ಷ ಪಾಠ ಮಾಡಿದೆ, ನನಗೆ ಯಾರು ಹಾಕಿದರು? ಅದಿರಲಿ. ಹರಿಹರದ ಹತ್ತಿರ ಹೈವೇಯಲ್ಲಿ ಬಿದ್ದಿದ್ದ ನನ್ನ ಅಳಿಯನನ್ನು ಆಸ್ಪತ್ರೆಗೆ ಮುಟ್ಟಿಸಿದ ಲಾರಿ ಡ್ರೈವರ್‌ಗೆ ಶಾಲು ಹಾಕೋರು ಯಾರು?'

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ನಿಮ್ಮ ಪತ್ರ ಬಂದ ಮೇಲೆ ಆ ಪುಟ ತೆಗೆದು ಮತ್ತೆ ನೋಡಿದೆ. ವೇದಿಕೆ ಮೇಲಿದ್ದ 9 ಗಣ್ಯರ ಹೆಸರು ಹುದ್ದೆ ಸಮೇತ ಅಚ್ಚಾಗಿದೆ. ಸನ್ಮಾನ ಆದ 14 ಜನಕ್ಕೆ ಸಿಕ್ಕಿದ್ದು ಒಂದೇ ಪದ, 'ಸನ್ಮಾನಿತರು'. ಸಂಘಟಕರಿಗೆ ಫೋನ್ ಮಾಡಿ ಪಟ್ಟಿ ತರಿಸಿದೆ. ಅದರಲ್ಲೂ ಪ್ರತಿ ಹೆಸರಿನ ಮುಂದೆ 'ಉತ್ತಮ ಸೇವೆಗಾಗಿ'. ಹದಿನಾಲ್ಕಕ್ಕೆ ಹದಿನಾಲ್ಕೂ ಅದೇ!

ಆ ಕಾರ್ಯಕ್ರಮಕ್ಕೆ ನಾನೂ ಹೋಗಿದ್ದೆ. ಗೇಟಿನಲ್ಲಿ ಒಬ್ಬ ಕಾನ್‌ಸ್ಟೆಬಲ್ ಬೈಕುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಅರ್ಧ ಗಂಟೆ ಬಿಟ್ಟು ಮೈಕಿನಲ್ಲಿ ಅವರದೇ ಹೆಸರು ಬಂತು. ಲಾಠಿಯನ್ನು ಪಕ್ಕದ ಹೋಮ್‌ಗಾರ್ಡ್ ಕೈಗೆ ಕೊಟ್ಟು ಓಡಿದರು. ಪೇಟ, ಶಾಲು, ಹಾರ, ಹಣ್ಣಿನ ಚೀಲ, ಫೋಟೋ. ಒಂದು ನಿಮಿಷವೂ ಆಗಲಿಲ್ಲ. ವಾಪಸ್ ಬಂದು ಶಾಲು ಮಡಚಿ ಬೈಕಿನ ಸೀಟಿನ ಕೆಳಗೆ ತುರುಕಿದರು, ಹಣ್ಣು ಹೋಮ್‌ಗಾರ್ಡ್‌ಗೆ ಕೊಟ್ಟರು, ಮತ್ತೆ ಬೈಕು ನಿಲ್ಲಿಸಲು ಶುರು. 'ಯಾವುದಕ್ಕೆ ಸಾರ್ ಸನ್ಮಾನ?' ಅಂತ ಕೇಳಿದೆ. 'ಗೊತ್ತಿಲ್ಲ ಸಾರ್, ಸ್ಟೇಷನ್ನಿಂದ ಹೆಸರು ಕಳಿಸಿದ್ರು' ಅಂತ ನಕ್ಕರು.

ಆಮೇಲೆ ಟೀ ಕುಡಿಯುವಾಗ ತಾವೇ ನೆನಪಿಸಿಕೊಂಡರು. 'ಆ ಅಜ್ಜಿದಿರಬಹುದು.' ಒಂದು ರಾತ್ರಿ ಬೀಟಿನಲ್ಲಿದ್ದಾಗ ರೈಲ್ವೆ ಹಳಿ ಪಕ್ಕ ಒಬ್ಬ ಅಜ್ಜಿ ಬರಿಗಾಲಲ್ಲಿ ನಡೆದುಕೊಂಡು ಹೋಗುತ್ತಿದ್ದರಂತೆ. ಊರಿನ ಹೆಸರೂ ನೆನಪಿಲ್ಲ, ಮಗನ ಹೆಸರೂ ನೆನಪಿಲ್ಲ. ಮಾತಿನ ಧಾಟಿ ಕೇಳಿ ಜಗಳೂರು ಕಡೆಯವರಿರಬೇಕು ಅಂತ ಇವರು ಅಂದಾಜು ಮಾಡಿದರು. ಆ ಕಡೆಯ ಪರಿಚಯದವರಿಗೆಲ್ಲ ಫೋಟೋ ಕಳಿಸಿದರು. ಬೆಳಗಾಗುವಷ್ಟರಲ್ಲಿ ಮಗ ಬಂದು ನಿಂತಿದ್ದ. ಇದನ್ನು ವೇದಿಕೆ ಮೇಲೆ ಯಾರೂ ಹೇಳಲಿಲ್ಲ. ಪತ್ರಿಕೆಯಲ್ಲಿ ನಾನೂ ಬರೆಯಲಿಲ್ಲ.

ಈಗ ತುಂಗಾ ವಿಷಯ. ನಮ್ಮ ಜಿಲ್ಲಾ ಪೊಲೀಸರ ಬಳಿ ಇದ್ದ ಡಾಬರ್‌ಮನ್ ನಾಯಿ. 2020ರ ಜುಲೈನಲ್ಲಿ ಚನ್ನಗಿರಿ ತಾಲೂಕಿನ ಬಸವಾಪಟ್ಟಣದ ಕಡೆ ನಡೆದ ಕೊಲೆಯ ಜಾಡು ಹಿಡಿದು ಸುಮಾರು 12 ಕಿ.ಮೀ. ಓಡಿ ಆರೋಪಿಯ ಸುಳಿವು ಕೊಟ್ಟಿತ್ತು. ದೊಡ್ಡ ಅಧಿಕಾರಿಗಳೇ ಅದರ ಕೊರಳಿಗೆ ಹಾರ ಹಾಕಿದರು. ಇವತ್ತಿಗೂ ಯಾವುದಾದರೂ ಮಂಡಕ್ಕಿ ಅಂಗಡಿಯಲ್ಲಿ ತುಂಗಾ ಅಂದು ನೋಡಿ, 'ಹನ್ನೆರಡು ಕಿಲೋಮೀಟ್ರು ಓಡಿದ್ದಲ್ವಾ' ಅನ್ನುವವರು ಸಿಗುತ್ತಾರೆ. ಹಾರ ಯಾವ ಹೂವಿನದು ಅಂತ ಯಾರಿಗೂ ನೆನಪಿಲ್ಲ, ಓಡಿದ್ದು ನೆನಪಿದೆ. ತುಂಗಾಗೆ 'ಉತ್ತಮ ಸೇವೆಗಾಗಿ' ಅಂತ ಹಾರ ಹಾಕಿದ್ದರೆ ಅದೂ ಮರೆತುಹೋಗುತ್ತಿತ್ತು. ನಾಯಿಗೆ ಸಿಕ್ಕ ಮರ್ಯಾದೆ ಮನುಷ್ಯರಿಗೆ ಸಿಗಲಿಲ್ಲವಲ್ಲ, ಅದೇ ನನ್ನ ತಕರಾರು.

ಸಂಬಳದ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ ಮೇಷ್ಟ್ರೇ. ಸುಮ್ನೆ ಡ್ಯೂಟಿ ಮಾಡಿದ್ದಕ್ಕೆಲ್ಲ ಶಾಲು ಬೇಡ, ಸರಿ. ಆದರೆ ನ್ಯಾಮತಿಯ ಬ್ಯಾಂಕ್ ಕಳವು ನೆನಪಿದೆಯಲ್ಲ? 2024ರ ಅಕ್ಟೋಬರ್‌ನಲ್ಲಿ ಜನ ಅಡವಿಟ್ಟಿದ್ದ 17 ಕೆ.ಜಿ.ಗೂ ಜಾಸ್ತಿ ಚಿನ್ನ ಹೋಯಿತು. ಐದು ತಿಂಗಳು ಬಿಡದೆ ಹುಡುಕಿ, 2025ರ ಮಾರ್ಚ್ ಹೊತ್ತಿಗೆ ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಒಂದು ಬಾವಿಯಿಂದ ನಮ್ಮ ಪೊಲೀಸರು ಅದರ ಹೆಚ್ಚಿನ ಪಾಲನ್ನು ಎತ್ತಿಸಿದರು. ತಾಳಿ ಸರ ಅಡವಿಟ್ಟ ಹೆಂಗಸಿಗೆ 'ಅದು ಅವರ ಸಂಬಳದ ಕೆಲಸ' ಅಂತ ಹೇಳಿ ನೋಡಿ!

ಸರ್ಕಾರದ ಗೌರವಗಳೂ ಇವೆ. ಏಪ್ರಿಲ್ 2ರ ಪೊಲೀಸ್ ಧ್ವಜ ದಿನಕ್ಕೆ ಮುಖ್ಯಮಂತ್ರಿ ಪದಕ, ಜನವರಿ 26 ಮತ್ತು ಆಗಸ್ಟ್ 15ಕ್ಕೆ ರಾಷ್ಟ್ರಪತಿ ಪದಕ. ನನಗೆ ಮಾತ್ರ ಮನಸ್ಸಿಗೆ ಹತ್ತಿರವಾದದ್ದು ಅಕ್ಟೋಬರ್ 21. 1959ರಲ್ಲಿ ಅದೇ ದಿನ ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಸೈನಿಕರ ಗುಂಡಿಗೆ 10 ಪೊಲೀಸರು ಸತ್ತರು. ಪ್ರತಿ ವರ್ಷ ಆ ದಿನ, ಹಿಂದಿನ ಒಂದು ವರ್ಷದಲ್ಲಿ ಕರ್ತವ್ಯದಲ್ಲಿದ್ದಾಗ ಸತ್ತ ಪೊಲೀಸರ ಹೆಸರುಗಳನ್ನು ಪರೇಡ್ ಮೈದಾನದಲ್ಲಿ ಓದುತ್ತಾರೆ. ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಒಂದು ಸಲ ಹೋಗಿ ಬನ್ನಿ.

ಇನ್ನು ನಿಮ್ಮ ಲಾರಿ ಡ್ರೈವರ್. ಪೊಲೀಸು, ಕೋರ್ಟು ಅಂತ ಹೆದರಿ ಅವರು ಹೆಸರು ಹೇಳದೆ ಹೋದರು ಅಂತ ಬರೆದಿದ್ದೀರಿ. ಆ ಹೆದರಿಕೆ ಬೇಕಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿಸಿದರು. ಒಳ್ಳೆ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಲೇಬೇಕು ಅಂತ ಬಲವಂತ ಮಾಡುವಂತಿಲ್ಲ. ಗಂಭೀರವಾಗಿ ಗಾಯಗೊಂಡವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿದವರಿಗೆ ಕೇಂದ್ರ ಸರ್ಕಾರ 2021ರಿಂದ 5,000 ರೂಪಾಯಿ ಕೊಡುತ್ತಿತ್ತು. 2025ರಲ್ಲಿ 'ರಾಹ್‌ವೀರ್' ಅಂತ ಹೆಸರಿಟ್ಟು ಅದನ್ನು 25,000 ಮಾಡಿದೆ. ನಮ್ಮ ಹೈವೇ ಪಕ್ಕದ ಡಾಬಾಗಳಲ್ಲಿ ಇದನ್ನು ಬರೆದು ಅಂಟಿಸಿದರೆ ಹತ್ತು ಸನ್ಮಾನಕ್ಕಿಂತ ಉಪಯೋಗ ಆಗುತ್ತದೆ.

ಅಂದರೆ, ಹೆಸರಿಲ್ಲದೆ ಇರುವುದು ಅವರ ಹಕ್ಕು. ಹುಡುಕಿ ಹಿಡಿದು ತಂದು ಪೇಟ ತೊಡಿಸುವುದು ಬೇಡ. ಆದರೆ ನಿಮ್ಮ ಪತ್ರದಲ್ಲಿ ಒಂದು ಸಾಲಿದೆ. ಅಳಿಯನ ಕಾಲಿಗೆ ಅವರು ತಮ್ಮ ಹೆಗಲ ಮೇಲಿನ ಟವೆಲ್ ಬಿಗಿದು ರಕ್ತ ನಿಲ್ಲಿಸಿದರು, ಅದನ್ನು ವಾಪಸ್ ಕೇಳಲಿಲ್ಲ, ಮಗಳು ಒಗೆದು ಬೀರುವಿನಲ್ಲಿ ಇಟ್ಟಿದ್ದಾಳೆ ಅಂತ. ಮುಂದಿನ ಸಂಚಿಕೆಯಲ್ಲಿ ಆ 14 ಜನ ಏನೇನು ಮಾಡಿದರು ಅಂತ ಒಬ್ಬೊಬ್ಬರನ್ನೇ ಕೇಳಿ ಬರೆಯುತ್ತಿದ್ದೇವೆ. ಅಜ್ಜಿ ಕತೆ ಆಗಲೇ ಸಿದ್ಧ. 15ನೆಯದಕ್ಕೆ ಜಾಗ ಬಿಟ್ಟಿದ್ದೇನೆ. ಟವೆಲಿನ ಒಂದು ಫೋಟೋ ತೆಗೆದು ಕಳಿಸಿ ಮೇಷ್ಟ್ರೇ, 10ನೇ ತಾರೀಖಿನೊಳಗೆ. ಇಸ್ತ್ರಿ ಮಾಡಬೇಡಿ.