ಹೀಟ್ ಪಂಪ್ ಕುರಿತು ನೀವು ಕೇಳಿದ್ದಕ್ಕೆ

ಹೊರಗೆ ಹಿಮ ಬೀಳುವಾಗಲೂ ಹೀಟ್ ಪಂಪ್ ಮನೆಯನ್ನು ಬೆಚ್ಚಗಿಡುತ್ತದೆಯೇ, ಕೊಳ್ಳಲಿರುವ ಮನೆಯಲ್ಲಿ ನೀರು ಕಾಯಿಸಿ ಕೋಣೆಗಳನ್ನು ಬೆಚ್ಚಗಿಡುವ ಗ್ಯಾಸ್ ಬಾಯ್ಲರ್ ತೆಗೆಸಿ ಅದನ್ನು ಹಾಕಿಸಬಹುದೇ ಎಂದು ಕೇಳಿದ್ದೀರಿ. ಧೈರ್ಯವಾಗಿ ಹಾಕಿಸಿ. ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳಂಥ ಕಡುಚಳಿಯ ನಾಡುಗಳಲ್ಲಿ ಲಕ್ಷಾಂತರ ಮನೆಗಳು ಅದನ್ನೇ ನಂಬಿವೆ. ಎಸಿಯ ಕೆಲಸವನ್ನು ತಿರುವುಮುರುವು ಮಾಡಿ ಹೊರಗಿನ ಗಾಳಿಯ ಶಾಖವನ್ನು ಒಳಕ್ಕೆ ಸಾಗಿಸುವುದರಿಂದ, ಸಾಧಾರಣ ಚಳಿಯಲ್ಲಿ 1 ಯೂನಿಟ್ ವಿದ್ಯುತ್ತಿಗೆ ಸುಮಾರು 3 ಯೂನಿಟ್ ಶಾಖ ದೊರೆಯುತ್ತದೆ. ಸೊನ್ನೆಗಿಂತ 15 ಡಿಗ್ರಿ ಕೆಳಗಿಳಿದರೂ ಒಳ್ಳೆಯ ಯಂತ್ರ 2ರ ಆಸುಪಾಸು ಕೊಡುತ್ತದೆ. ಆದ್ದರಿಂದ ವಿದ್ಯುತ್ತು ಗ್ಯಾಸ್ ಸ್ಥಾವರದಿಂದಲೇ ಬಂದರೂ, ಮನೆಯಲ್ಲಿ ಗ್ಯಾಸ್ ಉರಿಸುವುದಕ್ಕಿಂತ ಸಾಮಾನ್ಯವಾಗಿ ಇಂಗಾಲದ ಹೊರಸೂಸುವಿಕೆ ಕಡಿಮೆ. ಸದ್ದಿನ ಚಿಂತೆ ಬೇಡ. ಮನೆಯ ಹೊರಗೆ ಕೂರಿಸುವ ಘಟಕವನ್ನು ಮಲಗುವ ಕೋಣೆಯ ಕಿಟಕಿಯ ಕೆಳಗೆ ಇಡಿಸದಿದ್ದರಾಯಿತು.

ನಾನು ಈ ಚಳಿಯ ನಾಡಿಗೆ ಬಂದ ಮೊದಲ ಚಳಿಗಾಲದಲ್ಲಿ ಬಾಡಿಗೆ ಮನೆಯ ರೇಡಿಯೇಟರ್, ಅಂದರೆ ಒಳಗೆ ಬಿಸಿನೀರು ಹರಿದು ಕೋಣೆಯನ್ನು ಬೆಚ್ಚಗಿಡುವ ಲೋಹದ ಫಲಕ, ಮುಟ್ಟಲಾಗದಷ್ಟು ಸುಡುತ್ತಿತ್ತು. ಹೀಟ್ ಪಂಪಿನಿಂದ ಆ ಬಿಸಿಯನ್ನು ನಿರೀಕ್ಷಿಸಬೇಡಿ. ಅದು ರೇಡಿಯೇಟರ್‌ಗೆ ಕಳಿಸುವ ನೀರು 35ರಿಂದ 45 ಡಿಗ್ರಿಯಲ್ಲಿ ಹರಿದರೇ ಲಾಭ. ರೇಡಿಯೇಟರ್ ಕೈಗೆ ಉಗುರುಬೆಚ್ಚಗೆ ತಗುಲಿದರೂ, ಅದರ ಗಾತ್ರ ಸಾಕಷ್ಟಿದ್ದರೆ ಕೋಣೆ 20 ಡಿಗ್ರಿಯಲ್ಲಿ ನಿಲ್ಲುತ್ತದೆ. ಹೊರಗೆ ಹೊರಟಾಗ ಸ್ವಿಚ್ ಆರಿಸುವ ಶಿಸ್ತಿನಲ್ಲಿ ಬೆಳೆದವರು ನಾವು. ಇಲ್ಲಿ ಮಾತ್ರ ಆ ಶಿಸ್ತನ್ನು ಬಿಡಬೇಕು, ಏಕೆಂದರೆ ತಣ್ಣಗಾದ ಮನೆಯನ್ನು ಬೇಗ ಬಿಸಿ ಮಾಡಲು ಹೋದರೆ ನೀರಿನ ಉಷ್ಣತೆ ಏರಿ, ಉಳಿತಾಯವೆಲ್ಲ ಕರಗುತ್ತದೆ.

ನನಗೆ ಇಂದಿಗೂ ಕೊರಗಾಗಿ ಉಳಿದಿರುವುದು ಯಂತ್ರದ ಗಾತ್ರ. ಅಳವಡಿಸಲು ಬಂದವರು ಯಾವ ಕೋಣೆಯಿಂದ ಎಷ್ಟು ಶಾಖ ಸೋರುತ್ತದೆಂದು ಲೆಕ್ಕ ಹಾಕದೆ, ಹಳೆಯ ಬಾಯ್ಲರ್ ಮೇಲಿದ್ದ ಕಿಲೋವ್ಯಾಟ್ ಸಂಖ್ಯೆಯನ್ನು ಓದಿಕೊಂಡು ಅಷ್ಟೇ ದೊಡ್ಡದನ್ನು ಕೂರಿಸಿ ಹೋದರು. ಬಾಯ್ಲರ್‌ಗಳೋ ಅಗತ್ಯಕ್ಕಿಂತ ದೊಡ್ಡವಿರುವುದೇ ರೂಢಿ. ಸೌಮ್ಯ ಚಳಿಯ ದಿನಗಳಲ್ಲಿ ನಮ್ಮ ಕಂಪ್ರೆಸರ್ ಕೆಲವೇ ನಿಮಿಷ ಓಡಿ ನಿಲ್ಲುತ್ತದೆ, ಮತ್ತೆ ಓಡುತ್ತದೆ. ಇದರಿಂದ ದಕ್ಷತೆಯೂ ಕುಗ್ಗುತ್ತದೆ, ಯಂತ್ರವೂ ಸವೆಯುತ್ತದೆ. ಹೆಚ್ಚುವರಿ ಗಾತ್ರಕ್ಕೆ ತೆತ್ತ ಹಣ ಛಾವಣಿಯ ಶಾಖನಿರೋಧಕ ಹೊದಿಕೆಗೆ ಹೋಗಿದ್ದರೆ ಇನ್ನೂ ಚಿಕ್ಕ ಯಂತ್ರವೇ ಸಾಕಾಗುತ್ತಿತ್ತು. ನೀವು ಮುಂಗಡ ಕೊಡುವ ಮೊದಲೇ ಕೋಣೆವಾರು ಲೆಕ್ಕವನ್ನು ಬರಹದಲ್ಲಿ ಕೇಳಿ. ಕೊಡಲು ಹಿಂಜರಿದರೆ ಬೇರೆಯವರನ್ನು ಹುಡುಕಿ.

ಇನ್ನೊಂದು ವಿಷಯ. ಸೊನ್ನೆಯ ಆಸುಪಾಸಿನ ತೇವದ ಚಳಿಯಲ್ಲಿ ಹೊರಘಟಕದ ರೆಕ್ಕೆಗಳ ಮೇಲೆ ಹಿಮ ಕಟ್ಟಿದಾಗ ಫ್ಯಾನ್ ನಿಂತು, ಬುಸ್ಸೆಂಬ ಸದ್ದಿನೊಂದಿಗೆ ಹಬೆಯೆದ್ದು, ನೀರು ಸುರಿಯುತ್ತದೆ. ಯಂತ್ರ ಕೆಟ್ಟಿತೆಂದು ಗಾಬರಿಯಾಗಬೇಡಿ, ಅದು ಹಿಮವನ್ನು ಕರಗಿಸಿಕೊಳ್ಳುವ ಬಗೆ. ಆ ನೀರು ನಡೆದಾಡುವ ಜಾಗಕ್ಕೆ ಹರಿದು ಮಂಜುಗಡ್ಡೆಯಾಗದಂತೆ ಮೊದಲೇ ಕೊಳವೆ ಹಾಕಿಸಿಕೊಳ್ಳಿ.