ಬೈತಖೋಲದ ಮಳೆಯನ್ನು ಹಡಗಿನ ಮೇಲೂ ಸುರಿಸಿ

ಕಾರವಾರದ ಗೆಳೆಯರೇ,

ನಿಮ್ಮ 'ಬೆಂಕಿಯ ಗೆರೆ' ಕತೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ತಿದ್ದಿ ಕಳಿಸಿ, ಖಂಡಿತ ಮತ್ತೆ ಓದುತ್ತೇನೆ.

ಬೈತಖೋಲ ಬಂದರಿನಲ್ಲಿ ಮಗನ ದೋಣಿಗೆ ಕಾಯುವ ಅಮ್ಮ ಸೆರಗಿನಿಂದ ಕನ್ನಡಕ ಒರೆಸುತ್ತಾಳಲ್ಲ, ಒರೆಸಿದಷ್ಟೂ ಉಪ್ಪಿನ ಪಸೆ ಮತ್ತೆ ಕೂರುತ್ತೆ. ಆ ಪುಟ ಬಹಳ ಚೆನ್ನಾಗಿದೆ. ಅಂದಹಾಗೆ, ಆಷಾಢದಲ್ಲಿ ಟ್ರಾಲರ್ ಕಡಲಿಗೆ ಇಳಿಯುವಂತಿಲ್ಲ, ನಿಮಗೂ ಗೊತ್ತು. ಮಗನ ಟ್ರಾಲರನ್ನು ನಾಡದೋಣಿ ಮಾಡಿ.

ಮುಂದಿನ ಪುಟದಲ್ಲೇ ಅರ್ಗಾದ ನೌಕಾನೆಲೆಯ ಹಡಗಿನಿಂದ ಲೇಸರ್ ಆಯುಧದ ಕೆಂಪು ಗೆರೆಯೊಂದು 'ಝುಯ್' ಎಂದು ಹಾರುತ್ತೆ. ಹತ್ತು ಕಿಲೋಮೀಟರ್ ಆಚೆಯ ಡ್ರೋನ್ ಕ್ಷಣದಲ್ಲಿ ಚೂರಾಗುತ್ತೆ. ಅಮ್ಮನ ಕನ್ನಡಕಕ್ಕೆ ಕೂತ ಉಪ್ಪು, ಆ ಮಳೆ, ಆ ಮಂಜು ಎಲ್ಲಿ ಹೋದವು?

ಇಂಥ ಆಯುಧಗಳ ಲೇಸರ್ ಸಾಮಾನ್ಯವಾಗಿ ಇನ್‌ಫ್ರಾರೆಡ್. ಕಣ್ಣಿಗೆ ಕಾಣುವುದಿಲ್ಲ, ಹೋಗುವಾಗ ಸದ್ದೂ ಇಲ್ಲ. ಡ್ರೋನಿನ ಒಂದೇ ಜಾಗದ ಮೇಲೆ ಕೆಲವು ಸೆಕೆಂಡ್ ಕದಲದೆ ನಿಲ್ಲಬೇಕು. ಆಗ ರೆಕ್ಕೆ ಕರಗುತ್ತೆ, ಇಲ್ಲವೇ ಕ್ಯಾಮೆರಾ ಸುಡುತ್ತೆ. ಹಡಗು ಅಲೆಗೆ ಹೊಯ್ದಾಡುತ್ತಿರುವಾಗ ಹಾಗೆ ಹಿಡಿದು ನಿಲ್ಲಿಸುವುದು ಎಷ್ಟು ಕಷ್ಟ, ಅಲ್ವಾ? ಮಳೆಹನಿ, ಮಂಜು, ಉಪ್ಪಿನ ಕಣ ಬೆಳಕನ್ನು ಚದುರಿಸುತ್ತವೆ, ಹೀರುತ್ತವೆ. ದಾರಿಯ ಗಾಳಿಯೇ ಕಾದು ಕಿರಣ ಹರಡಿಕೊಳ್ಳುತ್ತೆ. 2025ರ ಏಪ್ರಿಲ್‌ನಲ್ಲಿ ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ 30 ಕಿಲೋವ್ಯಾಟ್ ಲೇಸರ್‌ನಿಂದ ಡ್ರೋನ್ ಬೀಳಿಸಿದ್ದು ಕರ್ನೂಲಿನ ಒಣ ಬಯಲಲ್ಲಿ. ಅಮೆರಿಕದ ಪಾನ್ಸ್ ಹಡಗು 2014ರಲ್ಲಿ ಅಷ್ಟೇ ಶಕ್ತಿಯ ಲೇಸರ್ ಹೊತ್ತು ಪರ್ಷಿಯನ್ ಕೊಲ್ಲಿಗೆ ಹೋಗಿತ್ತು. ಅಲ್ಲೂ ನಮ್ಮಂಥ ಮಳೆಯಿಲ್ಲ.

'ಗುಂಡಿನ ಖರ್ಚೇ ಇಲ್ಲ' ಎನ್ನುತ್ತಾನೆ ನಿಮ್ಮ ಅಧಿಕಾರಿ. ಹೆಚ್ಚುಕಡಿಮೆ ನಿಜವೇ. ಬ್ರಿಟನ್ನಿನ ಡ್ರ್ಯಾಗನ್‌ಫೈರ್ ಎಂಬ ಲೇಸರ್ ಆಯುಧದ ಒಂದು ಹೊಡೆತಕ್ಕೆ 10 ಪೌಂಡಿಗಿಂತ ಕಮ್ಮಿ ಎಂದು ಅಲ್ಲಿನ ಸರ್ಕಾರ ಹೇಳಿದೆ. ಆದರೆ 30 ಕಿಲೋವ್ಯಾಟ್ ಬೆಳಕಿಗೆ ಅದರ ಎರಡು ಪಟ್ಟಿಗಿಂತ ಜಾಸ್ತಿ ಕರೆಂಟ್ ಬೇಕು. ಉಳಿದದ್ದೆಲ್ಲ ಶಾಖ. ಆ ಶಾಖ ಇಳಿಸುವ ಪಂಪಿನ ಪಕ್ಕ ಬೆವರುತ್ತ ನಿಂತ ನಾವಿಕನನ್ನು ನೀವು ಬರೆದೇ ಇಲ್ಲ. ನನಗೆ ಅವನು ಬೇಕು.

ನನಗೆ ಜಾಸ್ತಿ ಬೇಸರವಾಗಿದ್ದು ಕೊನೆಗೆ. ಅಧಿಕಾರಿ ಕಳ್ಳಸಾಗಣೆ ದೋಣಿಯವನ ಕಣ್ಣಿಗೇ ಲೇಸರ್ ಬಿಡಿಸುತ್ತಾನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಶಾಶ್ವತವಾಗಿ ಕುರುಡು ಮಾಡಲೆಂದೇ ತಯಾರಿಸಿದ ಲೇಸರ್ ಆಯುಧಗಳನ್ನು 1995ರ ಅಂತರರಾಷ್ಟ್ರೀಯ ಒಪ್ಪಂದ ನಿಷೇಧಿಸಿದೆ. ಭಾರತವೂ ಅದಕ್ಕೆ ಸೇರಿದೆ. ನೌಕಾಪಡೆಯ ಅಧಿಕಾರಿಗೆ ಇದು ಗೊತ್ತಿರುತ್ತೆ, ಅವನ ಕೈ ತಡೆಯಬೇಕು. ಆ ದೋಣಿಯವನಿಗೂ ದಡದಲ್ಲಿ ಕನ್ನಡಕ ಒರೆಸುತ್ತ ಕಾಯುವ ಒಬ್ಬ ಅಮ್ಮ ಇರಬಹುದು. ನೀವೇ ಅವಳನ್ನು ಅಷ್ಟು ಚೆನ್ನಾಗಿ ಬರೆದು ಇಲ್ಲಿ ಮರೆತುಬಿಟ್ಟಿರಿ.

ಅಮ್ಮನ ಪುಟ ಮುಟ್ಟಬೇಡಿ. ಲೇಸರ್ ಒಂದು ಸಲವಾದರೂ ಮಳೆಗೆ ಸೋಲಲಿ. ಆಗಸ್ಟ್ ಕೊನೆಯೊಳಗೆ ಕಳಿಸಿದರೆ ದೀಪಾವಳಿ ಸಂಚಿಕೆಗೆ ನೋಡುತ್ತೇನೆ.

ಪ್ರೀತಿಯಿಂದ,
ಸಂಪಾದಕ, ಶಿರಸಿ